ಗೂಡು ತೊಳೆದ ದಿನ

ಬಾಲ್ಕನಿಯ ಬಾಗಿಲು ತೆಗೆಯುವ ಮೊದಲೇ ಅದಕ್ಕೆ ಗೊತ್ತಾಗಿಬಿಡುತ್ತಿತ್ತು. ಬಕೆಟ್ಟಿನ ಹಿಡಿಕೆ ಕಿಣಿಕ್ ಎಂದದ್ದೇ ತಡ, ಗೂಡಿನೊಳಗಿಂದ ಹಿಂಗಾಲು ಹಲಗೆಗೆ ಬಡಿದ ಸದ್ದು ಬಂತು. ದಪ್. ಕೊಂಚ ತಡೆದು ಮತ್ತೆ, ದಪ್. ಅಷ್ಟು ಸಣ್ಣ ಪ್ರಾಣಿ ಇಷ್ಟು ದೊಡ್ಡ ಸದ್ದು ಮಾಡುವುದೆಂದರೇನು ಎಂದು ಅವಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು. ಹುಡುಗಿ ಹತ್ತಿರ ಹೋದರೆ ಬೂದಮ್ಮ ಗಲ್ಲವನ್ನು ನೆಲಕ್ಕೆ ಒತ್ತಿಕೊಂಡು, ನೆತ್ತಿ ಸವರಲಿ ಎಂದು ಕಾಯುತ್ತದೆ. ಇವಳು ಹೋದರೆ ಎರಡೂ ಕಿವಿಗಳನ್ನು ಬೆನ್ನಿಗೆ ಅಂಟಿಸಿ, ಮೂತಿ ಮುಂದೆ ಮಾಡಿ, ಗಂಟಲಲ್ಲೇ ಗುರ್ ಎನ್ನುತ್ತದೆ. ಮೊಲ ಗುರುಗುಟ್ಟುತ್ತದೆ ಎಂದು ಲಾಂಡ್ರಿಯಲ್ಲಿ ಹೇಳಿದಾಗ ಜೊತೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ‘ಹುಲಿಗೆ ಹೆದರೋರನ್ನ ಕಂಡಿದ್ದೆ, ಮೊಲಕ್ಕೆ ಹೆದರೋರನ್ನ ಇವತ್ತೇ ಕಂಡಿದ್ದು’ ಎಂದಿದ್ದಳು ಇಸ್ತ್ರಿ ಮೇಜಿನ ದಪ್ಪಕ್ಕ. ಇವಳೂ ಜೊತೆಗೆ ನಕ್ಕಿದ್ದಳು. ಹೆದರಿಕೆಯಲ್ಲ ಅದು. ಯಾರದೋ ಮನೆಗೆ ಹೋದಾಗ ಆ ಮನೆಯ ಕೂಸು ನಮ್ಮ ಮುಖ ನೋಡಿದೊಡನೆ ಅಳತೊಡಗಿದರೆ ಹೇಗಾಗುತ್ತದೆ, ಹಾಗೆ. ಎಲ್ಲರೂ ಮಗುವನ್ನು ಸಮಾಧಾನ ಮಾಡುತ್ತಾರೆ, ನಮ್ಮನ್ನು ಮಾತ್ರ ಯಾರೂ ನೋಡುವುದಿಲ್ಲ. ಆದರೆ ಇದು ಯಾರದೋ ಮನೆಯಲ್ಲ. ಬಾಡಿಗೆಯದಾದರೂ ಅವಳದೇ.

ಅಕ್ಕ ಸತ್ತ ಮೇಲೆ ಅವಳ ಮಗಳು, ಈ ಹುಡುಗಿ, ಇಲ್ಲಿಗೆ ಬಂದಳು. ಹುಡುಗಿಯ ಜೊತೆ ಮೊಲಗಳು ಬಂದವು. ಬಾವ ಹಡಗಿನ ಕೆಲಸದವನು. ‘ಸ್ವಲ್ಪ ದಿನ ಇಟ್ಕೊಂಡಿರಮ್ಮ, ನಾನೇನಾದ್ರೂ ಏರ್ಪಾಡು ಮಾಡ್ತೀನಿ’ ಎಂದು ಹೇಳಿ, ಗೂಡನ್ನು ಎರಡು ಅಂತಸ್ತು ಹೊತ್ತು ತಂದು ಬಾಲ್ಕನಿಯಲ್ಲಿಟ್ಟು, ಬೆವರೊರೆಸಿಕೊಂಡು ಹೋದವನು ಒಂದೊಂದು ಸಲ ಒಂದೊಂದು ಬಂದರಿನಿಂದ ಫೋನು ಮಾಡುತ್ತಿದ್ದಾನೆ. ಬೂದು ಬಣ್ಣದ್ದು ಬೂದಮ್ಮ, ಬಿಳಿಯದು ಸುಣ್ಣಮ್ಮ. ಹೆಸರಿಟ್ಟವಳು ಅಕ್ಕ. ಎರಡೂ ಹೆಣ್ಣು ಎಂದು ಕೊಟ್ಟವನು ಹೇಳಿದ್ದನಂತೆ. ಮೊದಲೆಲ್ಲ ರಜೆಯಲ್ಲಿ ಬಂದಾಗ ಹುಡುಗಿ ಇವಳ ಕುತ್ತಿಗೆಗೆ ಜೋತುಬೀಳುತ್ತಿದ್ದಳು, ‘ಚಿಕ್ಕಮ್ಮಾ, ನೀನು ಬಾ, ನೀನು ನೋಡು’ ಎಂದು ಸೆರಗು ಸಿಕ್ಕರೆ ಸೆರಗು, ತೋಳು ಸಿಕ್ಕರೆ ತೋಳು ಎಳೆಯುತ್ತಿದ್ದಳು. ಈ ಸಲ ಬಂದ ಮೊದಲ ದಿನವೇ ‘ಚಿಕ್ಕಮ್ಮ, ನಿಮ್ಮ ಚಪ್ಪಲಿ ಪಕ್ಕ ನನ್ನದು ಇಡ್ಲಾ?’ ಎಂದು ಕೇಳಿದಳು. ನಿಮ್ಮ. ಯಾರೋ ಹೇಳಿಕೊಟ್ಟಿರಬೇಕು, ಇನ್ನೊಬ್ಬರ ಮನೆಯಲ್ಲಿರುವಾಗ ಮರ್ಯಾದೆಯಿಂದಿರು ಎಂದು. ಹಾಗೆಲ್ಲ ಕರೆಯಬೇಡ ಎಂದು ಹೇಳಲು ಅವಳು ಬಾಯಿ ತೆರೆದಳು. ಆದರೆ ಹೇಳಿದರೆ ಅದೊಂದು ವಿಷಯವಾಗಿಬಿಡುತ್ತದೆ ಎನ್ನಿಸಿ, ‘ಇಡು’ ಎಂದಷ್ಟೇ ಅಂದಳು.

ಇವತ್ತು ಗೂಡನ್ನು ಬುಡಮೇಲು ಮಾಡಿ ತೊಳೆಯಲೇಬೇಕಿತ್ತು. ವಾರದ ರಜೆ, ಹುಡುಗಿ ಶಾಲೆಗೆ ಹೋಗಿದ್ದಾಳೆ, ಬಿಸಿಲೂ ಇದೆ. ನಿನ್ನೆ ಶಾಲೆಗೆ ಕರೆಸಿದ್ದರು. ಟೀಚರು ಬಾಗಿಲು ಮುಂದೆ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡು, ರೋಗಿಯ ಮನೆಯವರೊಡನೆ ಮಾತಾಡುವ ದನಿಯಲ್ಲಿ ಹೇಳಿದರು: ‘ತಪ್ಪು ತಿಳ್ಕೋಬೇಡಿ. ಮಕ್ಕಳು ಪಕ್ಕದಲ್ಲಿ ಕೂರೋಕೆ ಒಪ್ತಿಲ್ಲ. ಬಟ್ಟೆಯಿಂದ ವಾಸನೆ ಬರುತ್ತೆ ಅಂತಾರೆ. ನೀವು ಕೆಲಸಕ್ಕೆ ಹೋಗೋರು, ಬಟ್ಟೆ ಕಡೆ ಗಮನ ಕೊಡೋಕೆ ಆಗಲ್ವೇನೋ.’ ಬಟ್ಟೆ ಕಡೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳು ಕೂದಲು ನೆರೆಸಿಕೊಂಡವಳು. ಊರಿನ ಕಾಯಿಲೆಯವರ ರಕ್ತ, ಕೀವು, ವಾಂತಿ ಹೊತ್ತು ಬಂದ ಹಾಸಿಗೆವಸ್ತ್ರಗಳು ಅವಳ ಕೈದಾಟಿದ ಮೇಲೆ ಅಂಗಡಿಯಿಂದ ಬಿಚ್ಚಿದ ಹಾಗೆ ಮೇಲಿನ ವಾರ್ಡುಗಳಿಗೆ ಹೋಗುತ್ತವೆ. ಇದನ್ನು ಹೇಳಬಹುದಿತ್ತು. ‘ನೋಡ್ಕೋತೀನಿ’ ಎಂದು ಎದ್ದು ಬಂದಳು. ಬರುವಾಗ ದಾರಿಯಲ್ಲಿ ತನ್ನ ತೋಳನ್ನೇ ಮೂಸಿಕೊಂಡಳು. ಎದುರು ಬರುತ್ತಿದ್ದವನು ಅದನ್ನು ನೋಡಿದ.

ಸುಣ್ಣಮ್ಮನ ತಾಪತ್ರಯವಿಲ್ಲ. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋಲುತ್ತದೆ. ಎತ್ತಿ ಬಟ್ಟೆಯ ಬುಟ್ಟಿಯಲ್ಲಿ ಇಳಿಸಿದಳು. ಬೂದಮ್ಮ ಹಿಂದಿನ ಮೂಲೆಯ ಮರದ ಪೆಟ್ಟಿಗೆಗೆ ಅಡ್ಡ ನಿಂತಿತ್ತು. ಎಲೆ ತೋರಿಸಿದಳು, ಬರಲಿಲ್ಲ. ಟವೆಲ್ಲು ಹಾಸಿದಳು, ಅದನ್ನೇ ಕಚ್ಚಿ ಎಸೆಯಿತು. ‘ಬಾರೇ ಮಾರಾಯ್ತಿ, ನಿನ್ನ ಮನೆ ಚೊಕ್ಕ ಮಾಡೋಕೇ ಬಂದಿರೋದು’ ಎಂದು ಪೂಸಿ ಹೊಡೆದಳು. ಕೈ ಒಳಗೆ ಹಾಕಿದೊಡನೆ ಅದು ಮುಂಗಾಲೆತ್ತಿ ಪಟಪಟನೆ ಬಾರಿಸಿತು. ಹುಡುಗಿ ತೋರಿಸಿಕೊಟ್ಟಿದ್ದಳು: ‘ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗಕ್ಕೆ. ಕೆಳಗೆ ಕೈ ಇರ್ಲೇಬೇಕು ಚಿಕ್ಕಮ್ಮ. ಕಾಲು ಜೋತಾಡಿದ್ರೆ ಗಾಬರಿಗೆ ಒದ್ದು ಒದ್ದು ತನ್ನ ಬೆನ್ನುಮೂಳೆ ತಾನೇ ಮುರ್ಕೊಳ್ಳುತ್ತೆ.’ ಕೆಳಗೆ ಕೈ ಇರಬೇಕು. ‘ಕೆಳಗೆ ಕೈ ಕೊಡೇ, ಬಿದ್ದೋಗ್ತೀನಿ’ ಎಂದಿದ್ದಳು ಅಕ್ಕ, ಮಗ್ಗುಲು ಬದಲಿಸುವಾಗ. ಅದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿ, ಮಂಚದ ಮೇಲೆ, ಗೋಡೆಯ ಬದಿಗೆ ಮಲಗಿದ್ದಳು, ಬೀಳಲು ಜಾಗವೇ ಇರಲಿಲ್ಲ. ಊಟದ ಬಿಡುವಿನಲ್ಲಿ ಲಾಂಡ್ರಿಯಿಂದ ಮೆಟ್ಟಿಲು ಹತ್ತಿ ಬಂದವಳು ಇವಳು, ಬಿಡುವು ಮುಗಿಯುತ್ತಿತ್ತು. ‘ಎಲ್ಲಿಗೆ ಬೀಳ್ತೀಯ, ಬಿದ್ರೂ ಹಾಸಿಗೆ ಮೇಲೇ’ ಎಂದು ಹೆಗಲು ಹಿಡಿದು ಒಂದೇ ಸಲಕ್ಕೆ ಹೊರಳಿಸಿದ್ದಳು. ಅಕ್ಕ ಕೂಗಲಿಲ್ಲ. ಗೋಡೆಯ ಕಡೆ ಮುಖವಾಗಿ ಸುಮ್ಮನೆ ಉಸಿರಾಡುತ್ತಿದ್ದಳು. ಸಾಯಂಕಾಲ ಆ ವಾರ್ಡಿನ ಮೂಟೆ ಕೆಳಗೆ ಬಂದಾಗ ಅದರಲ್ಲಿ ಅಕ್ಕನ ಹಾಸಿಗೆವಸ್ತ್ರ ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ. ಎಲ್ಲದರ ಜೊತೆ ಅದನ್ನೂ ಒಗೆದಳು.

ಕೊನೆಗೆ ಟವೆಲ್ಲನ್ನು ಮೇಲಿಂದ ಹಾಕಿ, ಕತ್ತಿನ ಚರ್ಮ ಹಿಡಿದು ಎಳೆದಳು. ಹಿಂಗಾಲು ಗಾಳಿಯಲ್ಲಿ ಒದೆಯಿತು; ಕೆಳಗೆ ಕೈ ಕೊಡುವಷ್ಟರಲ್ಲಿ ಉಗುರು ಅವಳ ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿಕೊಂಡು ಹೋಯಿತು. ಅದನ್ನು ಹೆಚ್ಚುಕಡಿಮೆ ಎಸೆದ ಹಾಗೆಯೇ ಬಚ್ಚಲಿಗೆ ಬಿಟ್ಟು ಬಾಗಿಲು ಹಾಕಿದಳು. ರಕ್ತ ಗೆರೆಯಾಗಿ ಮೂಡುತ್ತಿತ್ತು. ‘ಅನ್ನ ಹಾಕೋ ಕೈ ಕಣೇ ಇದು’ ಎಂದು ಮುಚ್ಚಿದ ಬಾಗಿಲಿಗೆ ಹೇಳಿದಳು. ದನಿ ತನಗೇ ಹಿಡಿಸಲಿಲ್ಲ. ಬಾಗಿಲಿನಾಚೆ ಕಾಲು ಬಡಿಯುವುದು ನಿಲ್ಲಲಿಲ್ಲ.

ಆಮೇಲೆ ಕೆಲಸ ಹೂವೆತ್ತಿದಂತೆ ಸಾಗಿತು. ಅಡಿಯ ತಟ್ಟೆ ಎಳೆದು ಒದ್ದೆ ಕಾಗದ ಸುತ್ತಿದಳು, ಹಿಕ್ಕೆ ಗುಡಿಸಿದಳು, ಉಚ್ಚೆ ಕಟ್ಟಿಕೊಂಡು ಗಾರೆಯಂತಾದ ಮೂಲೆಯನ್ನು ಚಮಚದಿಂದ ಕೆರೆದಳು. ಕೊನೆಗೆ ಮರದ ಪೆಟ್ಟಿಗೆ. ಅದರೊಳಗೆ ಹಿಂದಕ್ಕೆ ಒತ್ತಿಟ್ಟ ಹಾಗೆ ಒಂದು ಹುಲ್ಲಿನ ಉಂಡೆ, ಮೇಲೆಲ್ಲ ಬೂದು ತುಪ್ಪಳ. ಎಲ್ಲಿ ನೋಡಿದರೂ ಕೂದಲು, ಇದೇ ಹುಡುಗಿಯ ಬಟ್ಟೆಗೆ ಅಂಟುವುದು, ಇದನ್ನೇ ಮಕ್ಕಳು ಮೂಸುವುದು. ಎರಡೂ ಕೈ ಹಾಕಿ ಉಂಡೆಯನ್ನು ಬಾಚಿ ಎತ್ತಿದಳು. ಕೈಗೆ ಬಿಸಿ ಹತ್ತಿತು. ಬಿಸಿಲು ಬಿದ್ದ ಹುಲ್ಲಿನ ಬಿಸಿಯಲ್ಲ; ಪೆಟ್ಟಿಗೆಯೊಳಕ್ಕೆ ಬಿಸಿಲೇ ಬರುತ್ತಿರಲಿಲ್ಲ. ಮತ್ತು ಎಡಗೈಯ ಕಿರುಬೆರಳಿನ ಬುಡದಲ್ಲಿ ಏನೋ ಮಿಡುಕಿದ ಹಾಗಾಯಿತು. ಮೂಟೆ ಬಿಚ್ಚುವ ಮೊದಲು ಹೊರಗಿನಿಂದಲೇ ಒತ್ತಿ ನೋಡುವುದು ಲಾಂಡ್ರಿಯಲ್ಲಿ ಅವಳ ಕೆಲಸ. ಸೂಜಿ, ಚಮಚ, ಕನ್ನಡಕ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಅವಳ ಬೆರಳು ಬಟ್ಟೆಯ ಹತ್ತು ಪದರದಾಚೆಯಿಂದ ಹೇಳುತ್ತಿತ್ತು. ‘ಇವಳ ಕೈಗೆ ಕಣ್ಣಿದೆ’ ಎನ್ನುತ್ತಿದ್ದಳು ದಪ್ಪಕ್ಕ. ಅವಳು ಉಂಡೆಯನ್ನು ಹಿಡಿದುಕೊಂಡು ನಿಂತಳು. ಇಲಿ ಇರಬೇಕು, ಎಂದುಕೊಂಡಳು. ಮೋರಿಯಿಂದ ಇಲಿ ಬಂದು ಮರಿ ಹಾಕಿರಬೇಕು. ಬಿಚ್ಚಿ ನೋಡಿದರೆ ಅದನ್ನು ಏನಾದರೂ ಮಾಡಬೇಕಾಗುತ್ತದೆ. ತೋಳು ಉರಿಯುತ್ತಿತ್ತು, ಬಚ್ಚಲಲ್ಲಿ ಕಾಲು ಬಡಿಯುತ್ತಲೇ ಇತ್ತು, ಇನ್ನೂ ನೀರು ಹಾಕಿ ಉಜ್ಜುವುದಿತ್ತು. ಕಪ್ಪು ಚೀಲದ ಬಾಯಿ ತೆರೆದು ಉಂಡೆಯನ್ನು ಒದ್ದೆ ಕಾಗದದ ಮೇಲೆ ತುರುಕಿದಳು, ಗಾಳಿ ಹೋಗಲೆಂದು ಒತ್ತಿದಳು, ಗಂಟು ಹಾಕಿದಳು. ಕೆಳಗಿಳಿದು ರಸ್ತೆಯ ಕಸದ ತೊಟ್ಟಿಗೆ ಹಾಕಿ ಬಂದು, ಬ್ಲೀಚು ಸುರಿದು, ಕಣ್ಣಲ್ಲಿ ನೀರು ಬರುವವರೆಗೆ ಉಜ್ಜಿದಳು.

ಉಜ್ಜುತ್ತ ಉಜ್ಜುತ್ತ ಒಂದು ಬಗೆಯ ಹುರುಪು ಬಂತು. ಹಲಗೆಯ ನಿಜವಾದ ಬಣ್ಣ ಕಂಡಿತು. ಹುಡುಗಿ ಬಂದು ನೋಡಿ ಏನೆನ್ನಬಹುದು ಎಂದು ಊಹಿಸಿಕೊಂಡಳು, ಏನೂ ಅನ್ನಲಾರಳು ಎಂದು ಆ ಊಹೆಯ ಹಿಂದೆಯೇ ಗೊತ್ತಾಯಿತು. ಬಂದ ಹೊಸದರಲ್ಲಿ ಹುಡುಗಿ ದಿಂಬಿನಡಿ ಅಮ್ಮನ ಹಳೆಯ ನೈಟಿಯೊಂದನ್ನು ಇಟ್ಟುಕೊಂಡು ಮಲಗುತ್ತಿದ್ದಳು. ಮಾಸಿ, ಎಣ್ಣೆ ಹತ್ತಿ, ಔಷಧಿಯ ನಾತ ಹೊಡೆಯುತ್ತಿತ್ತು. ಅವಳು ಅದನ್ನು ಬಿಸಿನೀರಿಗೆ ಹಾಕಿ ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಿಸಿ ದಿಂಬಿನ ಮೇಲಿಟ್ಟಿದ್ದಳು, ಪ್ರೀತಿಯಿಂದಲೇ ಇಟ್ಟಿದ್ದಳು. ಹುಡುಗಿ ಅದನ್ನೆತ್ತಿ ಮುಖಕ್ಕೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಮಡಿಕೆ ಕೆಡದ ಹಾಗೆ ತಂದು, ‘ಇದು ನಿಮ್ಮ ಬೀರುವಲ್ಲೇ ಇರ್ಲಿ ಚಿಕ್ಕಮ್ಮ’ ಎಂದು ಕೊಟ್ಟಳು.

ಮೊಲಗಳನ್ನು ಗೂಡಿಗೆ ಬಿಟ್ಟಾಗ ಸುಣ್ಣಮ್ಮ ಒಂದು ಮೂಲೆ ಹಿಡಿದು ಕೂತಿತು. ಬೂದಮ್ಮ ನೇರ ಪೆಟ್ಟಿಗೆಯೊಳಕ್ಕೆ ಹೋಯಿತು. ಬರೀ ಹಲಗೆಯನ್ನು ಮೂಸಿತು, ಕೆರೆಯಿತು. ಹೊರಗೆ ಬಂದು ಗೂಡಿನೊಳಗೇ ಒಂದು ಸುತ್ತು ಹಾಕಿ ಮತ್ತೆ ಒಳಗೆ ಹೋಗಿ ಕೆರೆಯಿತು. ಆಮೇಲೆ ತಂತಿಯ ಬಳಿ ಬಂದು ನಿಂತು ಅವಳ ಕಡೆ ನೋಡಿತು. ಗುರುಗುಟ್ಟಲಿಲ್ಲ. ಎಷ್ಟು ಮಾಡಿದರೂ ಇಷ್ಟೇ ಇದರ ಬುದ್ಧಿ, ಎಂದುಕೊಂಡು ಚಪ್ಪಲಿ ಮೆಟ್ಟಿದಳು. ಇದ್ದಬದ್ದ ಹುಲ್ಲನ್ನೆಲ್ಲ ಎಸೆದಾಗಿತ್ತು, ಹೊಸದು ತರಬೇಕಿತ್ತು.

ಮೇವಿನ ಅಂಗಡಿಯವ ತಕ್ಕಡಿಯ ಹಿಂದೆ ಕೂತು ಕಾಳು ಆರಿಸುತ್ತಿದ್ದ. ಹುಲ್ಲು ಕಟ್ಟಿ ಕೊಡುವಾಗ ಅವಳ ತೋಳು ನೋಡಿದ.

‘ಮೊಲನಾ? ಚೆನ್ನಾಗೇ ಗೀರಿದೆ. ಯಾಕೆ ಅಷ್ಟು ಕೋಪ?’

‘ಗೂಡು ತೊಳೀತಿದ್ದೆ. ಬೂದು ಮೊಲಕ್ಕೆ ನನ್ನ ಕಂಡ್ರಾಗಲ್ಲ.’

‘ಎಲ್ಲ ತೊಳೆದ್ರಾ? ಹಾಗೆ ಮಾಡ್ಬಾರ್ದು ಕಣಮ್ಮ. ಅದರ ವಾಸನೆ ಇದ್ರೇನೇ ಅದಕ್ಕೆ ಅದು ಮನೆ. ಎಲ್ಲ ತೆಗೆದ್ಬಿಟ್ರೆ ಯಾರೋ ಬಂದು ಮನೆ ಲೂಟಿ ಮಾಡಿದಂಗೆ. ಒಂದು ಹಿಡಿ ಹಳೇ ಹುಲ್ಲು ಹಾಗೇ ಬಿಡಬೇಕು. ಅದು ತಾನಾಗೇ ಹೊರಗೆ ಬರೋವರ್ಗೂ ಕಾಯ್ಬೇಕು, ಎಳೀಬಾರ್ದು.’ ಅವನು ದಾರ ಹಲ್ಲಿನಿಂದ ಕಡಿದ. ‘ಈಚೀಚೆಗೆ ಜಾಸ್ತಿ ಆಗಿದ್ಯಾ ಸಿಟ್ಟು?’

‘ಹೂಂ. ಎರಡು ದಿನದಿಂದ ಹತ್ರ ಹೋಗೋಕೇ ಬಿಡ್ತಿಲ್ಲ.’

‘ಎದೆ ಕೂದಲು ಕಿತ್ಕೊಂಡಿದ್ಯಾ?’

ಅವಳು ಹುಲ್ಲಿನ ಕಟ್ಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

‘ಹುಲ್ಲು ಬಾಯಲ್ಲಿ ಕಚ್ಕೊಂಡು ಓಡಾಡ್ತಿತ್ತಾ? ಹಾಗಿದ್ರೆ ಗೂಡಿನ ಮೂಲೆ ನೋಡಿ, ಮರಿ ಇರುತ್ತೆ. ತನ್ನ ತುಪ್ಪಳನೇ ಕಿತ್ತು ಹೊದಿಸಿ ಮುಚ್ಚಿಟ್ಟಿರುತ್ತೆ, ಮೇಲಿಂದ ನೋಡಿದ್ರೆ ಕಸ ಅನ್ಬೇಕು, ಹಾಗೆ.’

‘ಎರಡೂ ಹೆಣ್ಣು’ ಎಂದಳು ಅವಳು.

ಅಂಗಡಿಯವ ನಕ್ಕ. ‘ಎಲ್ಲರೂ ಹಾಗೇ ಅನ್ನೋದು. ಏನು ಹೆಸರು ಇನ್ನೊಂದರದ್ದು?’

‘ಸುಣ್ಣಮ್ಮ.’

‘ಸುಣ್ಣಮ್ಮ ಅಲ್ಲ ತಾಯಿ, ಅದು ಸುಣ್ಣಪ್ಪ’ ಎಂದ. ತನ್ನ ಮಾತಿಗೆ ತಾನೇ ನಗುತ್ತಿದ್ದವನು ಅವಳ ಮುಖ ನೋಡಿ ನಿಲ್ಲಿಸಿದ. ‘ಯಾಕಮ್ಮ? ಮರಿ ತಣ್ಣಗಾಗಿದ್ರೆ ಮೊದ್ಲು ಮೈ ಬಿಸಿ ಮಾಡಿ. ಆಮೇಲೆ ತಾಯಿ ಹತ್ರ ಬಿಡಿ. ಏಯ್, ಹುಲ್ಲು ಬಿಟ್ಟು ಹೋಗ್ತಿದ್ದೀರಲ್ಲ!’

ತೊಟ್ಟಿಯಲ್ಲಿ ಕಪ್ಪು ಚೀಲ ಒಂದಲ್ಲ, ಬೀದಿಯ ಅಷ್ಟೂ ಮನೆಯದು. ಮೇಲಿನವನ್ನು ಎತ್ತಿ ಪಕ್ಕಕ್ಕಿಟ್ಟಳು. ಬಿಚ್ಚಬೇಕಾಗಿರಲಿಲ್ಲ, ಒತ್ತಿದರೆ ಸಾಕಿತ್ತು. ಸಿಪ್ಪೆ. ಸೀಸೆ. ಒದ್ದೆ ಬೂದಿ. ಮಕ್ಕಳ ಚಡ್ಡಿ. ಕೈ ಒಂದೊಂದನ್ನೂ ತಪ್ಪಿಲ್ಲದೆ ಹೇಳುತ್ತಿತ್ತು, ಲಾಂಡ್ರಿಯಲ್ಲಿ ಹೇಳಿದ ಹಾಗೆಯೇ, ಯಾವ ಅಳುಕೂ ಇಲ್ಲದೆ. ಅದನ್ನು ತಡೆದುಕೊಳ್ಳುವುದು ಅವಳಿಗೆ ಕಷ್ಟವಾಯಿತು. ಕೆಳಗಿನ ಮನೆಯ ಯಜಮಾನಿ ಗೇಟಿನ ಬಳಿ ಬಂದು ನಿಂತಿದ್ದಳು.

‘ಏನ್ರೀ ಅದು, ಬೀದೀಲಿ ಎಲ್ಲ ಹರಡ್ತಿದ್ದೀರಿ? ಚಿನ್ನಗಿನ್ನ ಬಿತ್ತಾ?’

‘ಇಲ್ಲ.’

‘ಮತ್ತೆ?’

ಅವಳು ಸೊಂಟದವರೆಗೆ ತೊಟ್ಟಿಯೊಳಗೆ ಬಾಗಿದ್ದಳು, ಸೀರೆಯ ಅಂಚಿಗೆ ಏನೋ ಅಂಟಿತ್ತು. ‘ಒಂದು ಚೀಲ ತಪ್ಪಿ ಹಾಕ್ಬಿಟ್ಟೆ’ ಎಂದಳು. ತಪ್ಪಿ ಎಂಬ ಮಾತು ಎಷ್ಟು ಸಲೀಸಾಗಿ ಬಂತು ಎಂದು ಬಗ್ಗಿದಲ್ಲಿಯೇ ಗಮನಿಸಿದಳು. ಅಷ್ಟರಲ್ಲಿ ಚೀಲ ಸಿಕ್ಕಿತು. ಅಡಿಯಲ್ಲಿ, ಬೇರೆಯವರ ಭಾರದ ಕೆಳಗೆ.

ಮೆಟ್ಟಿಲ ಮೇಲೆ ಕೂತು ಗಂಟು ಕಚ್ಚಿ ಬಿಚ್ಚಿದಳು. ತುಪ್ಪಳದೊಳಗೆ ನಾಲ್ಕಿದ್ದವು. ಕಣ್ಣಿಲ್ಲ, ಕೂದಲಿಲ್ಲ, ಕಿವಿ ತಲೆಗೆ ಅಂಟಿಕೊಂಡಿದ್ದವು. ಮನುಷ್ಯನ ಹೆಬ್ಬೆರಳಿಗಿಂತ ತುಸು ದಪ್ಪ. ಮೂರು ಕಲ್ಲಿನ ಹಾಗೆ ತಣ್ಣಗಿದ್ದವು. ನಾಲ್ಕನೆಯದು ಬಾಯಿ ತೆರೆಯಿತು. ಸದ್ದು ಬರಲಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚಿತು. ಅವಳು ಅದನ್ನು ರವಿಕೆಯೊಳಗೆ, ಎದೆಯ ಎಡಕ್ಕೆ ಇಟ್ಟುಕೊಂಡು ಮನೆಗೆ ಹೋದಳು. ಸತ್ತವನ್ನು ಕರವಸ್ತ್ರದಲ್ಲಿ ಸುತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಳು. ಮರಿಗೆ ತಾಗುವಂತೆ ಬಿಸಿಯುಸಿರನ್ನು ರವಿಕೆಯೊಳಗೆ ಬಿಡಲು ಗಲ್ಲ ತಗ್ಗಿಸಬೇಕಾಗಿತ್ತು. ತಗ್ಗಿಸಿದರೆ ತೊಟ್ಟಿಯ ನಾತ ಮೂಗಿಗೆ ಬಡಿಯುತ್ತಿತ್ತು. ಇನ್ನೂ ಒಂದು ದಾರಿಯಿತ್ತು. ಕರವಸ್ತ್ರವನ್ನು ಚೀಲಕ್ಕೆ ಹಾಕಿ ಚೀಲವನ್ನು ತೊಟ್ಟಿಗೆ ಹಾಕಿಬಿಟ್ಟರೆ, ಇದೊಂದನ್ನು ತೋರಿಸಿ, ನೋಡು, ನಿನ್ನ ಬೂದಮ್ಮ ಮರಿ ಹಾಕಿದೆ, ಒಂದೇ ಒಂದು, ಎಂದು ಹೇಳಬಹುದು. ಹುಡುಗಿ ನಗಬಹುದು. ಅವಳು ಆ ನಗುವನ್ನು ಪೂರ್ತಿಯಾಗಿ ಕಂಡಳು. ಏಳಬೇಕೆಂದು ಕೈಯೂರಿದಳು. ಎದೆಯ ಮೇಲೆ ಚರ್ಮಕ್ಕೆ ಚರ್ಮ ಅಂಟಿಕೊಂಡಿದ್ದ ಜೀವ ಕಾಲಾಡಿಸಿತು. ಮತ್ತೆ ಕೂತಳು. ಹಾಗೆ ಕೂತಿದ್ದಾಗಲೇ ಬಾಗಿಲಿನ ಸದ್ದಾಯಿತು.

ಹುಡುಗಿ ಶಾಲೆಯ ಚೀಲವನ್ನೂ ಇಳಿಸದೆ ನೇರ ಬಾಲ್ಕನಿಗೆ ಹೋದಳು. ಆಮೇಲೆ ಗೂಡಿನ ಕೊಂಡಿ ಸಪ್ಪಳ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಅವಳ ಬಿಳಿ ಕಾಲುಚೀಲಗಳು ಕಂಡವು.

‘ಪೆಟ್ಟಿಗೇಲಿ ಇದ್ದಿದ್ದು ಎಲ್ಲಿ?’

ಅವಳು ಕಿಟಕಿಯ ಕಡೆ ನೋಡಿದಳು. ಹುಡುಗಿ ಹೋಗಿ ಕರವಸ್ತ್ರ ಬಿಚ್ಚಿದಳು. ಬೆನ್ನು ಮಾತ್ರ ಕಾಣುತ್ತಿತ್ತು, ಚೀಲ ಹೊತ್ತ ಬೆನ್ನು.

‘ನಿಂಗೆ ಗೊತ್ತಿತ್ತಾ, ಮರಿ ಇರೋದು?’ ಎಂದು ಕೇಳಿದಳು ಅವಳು.

‘ನಿನ್ನೆ ನೋಡ್ದೆ.’

‘ನನಗೊಂದು ಮಾತು ಹೇಳ್ಬಾರ್ದಿತ್ತಾ ಮಗಾ.’

ಹುಡುಗಿ ತಿರುಗಿದಳು. ಮುಖ ಕೆಂಪಾಗಿತ್ತು, ಕಣ್ಣು ಒಣಗಿತ್ತು. ‘ಹೇಳಿದ್ರೆ ನೀನು ತೊಳೀತಿದ್ದೆ! ನೀನು ಎಲ್ಲ ತೊಳೀತೀಯ!’

ನೀನು. ಇಷ್ಟು ದಿನ ಕಾದಿದ್ದ ಮಾತು. ಅದು ಬಂದ ರಭಸಕ್ಕೆ ಅವಳ ಎದೆ ಒಂದು ಕ್ಷಣ ಹಿಗ್ಗಿತು. ಹಿಗ್ಗಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ರವಿಕೆಯೊಳಗೆ ಕೈ ಹಾಕಿ ಮರಿಯನ್ನು ತೆಗೆದು ಎರಡೂ ಅಂಗೈಯಲ್ಲಿಟ್ಟು ಚಾಚಿದಳು. ‘ಇದಕ್ಕಿನ್ನೂ ಜೀವ ಇದೆ.’ ಹುಡುಗಿ ಅದನ್ನು ಕಸಿದುಕೊಳ್ಳಲಿಲ್ಲ. ಕೆಳಗೊಂದು ಕೈ ಕೊಟ್ಟು, ಮೇಲೊಂದು ಕೈ ಮುಚ್ಚಿ, ನೀರು ತುಂಬಿದ ಬಟ್ಟಲಿನ ಹಾಗೆ ತೆಗೆದುಕೊಂಡಳು. ಬಾಲ್ಕನಿಯ ಬಾಗಿಲಲ್ಲಿ ನಿಂತು ಹೇಳಿದಳು: ‘ನೀವು ಇಲ್ಲಿರ್ಬೇಡಿ. ನೀವಿದ್ರೆ ಬೂದಮ್ಮ ಹತ್ರ ಬರಲ್ಲ.’

‘ಕೋಣೇಲಿ ಇರ್ತೀನಿ.’

‘ಅಲ್ಲೂ ಬೇಡ. ವಾಸನೆ ಬರುತ್ತೆ ಅದಕ್ಕೆ.’

ಅವಳು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಮೆಟ್ಟಿಲ ತಿರುವಿನಲ್ಲಿ, ಕಂಬಿಗೆ ಕೈಯಿಟ್ಟು ನಿಂತಳು. ಕೂರಬಹುದಿತ್ತು, ಕೂರಲು ಮನಸ್ಸಾಗಲಿಲ್ಲ. ಮೇಲಿನ ಮನೆಯ ಮುದುಕ ಕೋಲೂರಿಕೊಂಡು ಇಳಿದು ಬಂದ. ‘ಬೀಗದ ಕೈ ಮರೆತ್ರಾ?’ ಎಂದ. ‘ಹೂಂ’ ಎಂದಳು. ಅವನು ಇಳಿದು, ಎಲ್ಲಿಗೋ ಹೋಗಿ, ಮತ್ತೆ ಹತ್ತಿ ಬಂದಾಗಲೂ ಅವಳು ಅಲ್ಲೇ ಇದ್ದಳು. ‘ಇನ್ನೂ ಸಿಕ್ಕಿಲ್ವಾ’ ಎಂದು ಪಾಪ ಎನ್ನುವ ಹಾಗೆ ನೋಡಿದ. ಬಾಗಿಲಿನಾಚೆಯಿಂದ ಹುಡುಗಿಯ ದನಿ ಬರುತ್ತಿತ್ತು, ಒಂದೇ ಸಮನೆ, ಮೆಲ್ಲಗೆ. ಬಾವನಿಗೆ ಫೋನು ಮಾಡುತ್ತಿರಬೇಕು, ಬಂದು ಕರೆದುಕೊಂಡು ಹೋಗು ಎನ್ನುತ್ತಿರಬೇಕು. ಮಾಡಲಿ. ಬಾವ ಬಂದು ಗೂಡನ್ನು ಮತ್ತೆ ಹೊತ್ತು ಇಳಿಸುವುದನ್ನು, ಖಾಲಿ ಬಾಲ್ಕನಿಯನ್ನು, ಅಲ್ಲಿ ಒಣಗುವ ತನ್ನೊಬ್ಬಳ ಬಟ್ಟೆಯನ್ನು ಕಂಡಳು. ಬಾಗಿಲಿಗೆ ಕಿವಿಗೊಟ್ಟಳು. ಫೋನಲ್ಲ. ‘ಚಿಕ್ಕಮ್ಮಂಗೆ ಗೊತ್ತಿರ್ಲಿಲ್ಲ ಕಣೇ’ ಎನ್ನುತ್ತಿದ್ದಳು ಹುಡುಗಿ, ‘ಅವರಿಗೆ ಕಸ ಅನ್ಸಿದೆ. ಬಾರೇ ಬೂದಿ, ಹತ್ರ ಬಾ. ಗೊತ್ತಿದ್ರೆ ಅವರು ಹಾಗೆ ಮಾಡ್ತಿರ್ಲಿಲ್ಲ.’

ಅವಳು ಕಿವಿ ತೆಗೆದಳು.

ಬಾಗಿಲು ತೆರೆದಾಗ ಮೆಟ್ಟಿಲ ಗೋಡೆಯ ಮೇಲಿನ ಬಿಸಿಲು ಹೋಗಿತ್ತು. ‘ಸತ್ತೋಯ್ತು’ ಎಂದಳು ಹುಡುಗಿ. ಈಗ ಅತ್ತಿದ್ದಳು, ಅತ್ತು ಮುಗಿದಿತ್ತು. ‘ಬೂದಿ ಬಂತು. ಮೂಸಿ ನೋಡ್ತು. ಆದ್ರೆ ಮರಿ ಬಾಯೇ ತೆಗೀಲಿಲ್ಲ.’ ಬಾಗಿಲ ಚಿಲಕವನ್ನು ಬೆರಳಿನಿಂದ ಹಿಂದೆ ಮುಂದೆ ಮಾಡುತ್ತ, ತಲೆ ತಗ್ಗಿಸಿಕೊಂಡೇ, ‘ಬೇಕು ಅಂತ ಮಾಡಿದ್ದಲ್ಲ ತಾನೆ ಚಿಕ್ಕಮ್ಮ. ಗೊತ್ತಿಲ್ದೆ ಆಯ್ತು. ಬನ್ನಿ ಒಳಗೆ’ ಎಂದಳು.

ಒಳಗೆ ಹೋಗಿಬಿಡಬಹುದಿತ್ತು. ಹೂಂ ಎಂದರೆ ಸಾಕಿತ್ತು. ಹೂಂ ಎನ್ನದೆ ಸುಮ್ಮನೆ ಹೊಸ್ತಿಲು ದಾಟಿದ್ದರೂ ಸಾಕಿತ್ತು. ಹುಡುಗಿಯ ತಲೆ ಕೈಗೆಟಕುವಷ್ಟು ಹತ್ತಿರವಿತ್ತು, ಬೈತಲೆಯಲ್ಲಿ ಒಂದೆಳೆ ಬೂದು ತುಪ್ಪಳ ಸಿಕ್ಕಿಕೊಂಡಿತ್ತು.

‘ಬಿಸಿ ಇತ್ತು’ ಎಂದಳು ಅವಳು. ‘ಎತ್ತಿದಾಗ ಕೈಗೆ ಬಿಸಿ ಹತ್ತಿತು. ಮಿಡುಕ್ತಾನೂ ಇತ್ತು. ಏನೋ ಇದೆ ಅಂತ ಗೊತ್ತಾಯ್ತು. ಬಿಚ್ಚಿ ನೋಡ್ಲಿಲ್ಲ.’

ಚಿಲಕದ ಸದ್ದು ನಿಂತಿತು.

‘ಯಾಕೆ?’

‘ನೋಡಿದ್ರೆ ಕೆಲಸ ನಿಲ್ಲಿಸ್ಬೇಕಾಗಿತ್ತು.’ ಇದಕ್ಕಿಂತ ಒಳ್ಳೆಯ ಕಾರಣವೊಂದನ್ನು ಅವಳು ತನ್ನೊಳಗೆಲ್ಲ ಹುಡುಕಿದಳು. ಇರಲಿಲ್ಲ.

ಹುಡುಗಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೊಸದಾಗಿ ಬಂದ ಬಾಡಿಗೆಯವರನ್ನು ಅಕ್ಕಪಕ್ಕದವರು ನೋಡುವ ಹಾಗಿತ್ತು. ಆಮೇಲೆ ಒಳಗೆ ಹೋದಳು. ಸಂಜೆ ಮನೆಯ ಹಿಂದಿನ ಗೋಡೆಯ ಬುಡದಲ್ಲಿ ಹುಡುಗಿ ಒಬ್ಬಳೇ ಚಮಚದಲ್ಲಿ ಮಣ್ಣು ತೋಡುವುದನ್ನು ಅವಳು ಕಿಟಕಿಯಿಂದ ನೋಡಿದಳು. ನೆಲ ಗಟ್ಟಿಯಿತ್ತು, ತುಂಬ ಹೊತ್ತು ಹಿಡಿಯಿತು. ಸಹಾಯಕ್ಕೆ ಇಳಿಯಲು ಅವಳಿಗೆ ಧೈರ್ಯವಾಗಲಿಲ್ಲ. ಬಾವನ ಫೋನು ಬಂದಾಗ ಹುಡುಗಿ ‘ಚೆನ್ನಾಗಿದ್ದೀನಪ್ಪ’ ಎಂದಳು, ‘ಇಲ್ಲ, ಏನೂ ಬೇಡ’ ಎಂದಳು. ಮೊಲಗಳ ಮಾತೆತ್ತಲಿಲ್ಲ. ಬಿಳಿ ಮೊಲ ಸುಣ್ಣವನ್ನು ಬೇರೆಯಾಗಿ ಒಂದು ಹಣ್ಣಿನ ಪೆಟ್ಟಿಗೆಗೆ ಹಾಕಿದಳು. ಬೂದಮ್ಮ ಕೆಲವು ದಿನ ಗೂಡಿನ ಮರದ ಪೆಟ್ಟಿಗೆಯ ಹಲಗೆ ಕೆರೆಯಿತು, ಆಮೇಲೆ ಬಿಟ್ಟಿತು.

ಲಾಂಡ್ರಿಯಲ್ಲಿ ಕೇಳಿಕೊಂಡು ಅವಳು ತನ್ನ ವಾರದ ರಜೆಯನ್ನು ಭಾನುವಾರಕ್ಕೆ ಬದಲಾಯಿಸಿಕೊಂಡಳು. ಯಾಕೆಂದು ಹುಡುಗಿ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಹುಡುಗಿ ಬಾಲ್ಕನಿಯ ನೆಲದ ಮೇಲೆ ಕಾಲು ಚಾಚಿ ಕೂತು, ಗೂಡಿನ ಬಾಗಿಲು ತೆರೆದು, ಕಾಯ್ದಳು. ಕರೆಯಲಿಲ್ಲ, ಕೈ ಹಾಕಲಿಲ್ಲ. ಬೂದಮ್ಮ ಮೂತಿ ಹೊರಗಿಟ್ಟು ಹಿಂದಕ್ಕೆಳೆದುಕೊಂಡಿತು, ಮತ್ತೆ ಇಟ್ಟಿತು, ಕೊನೆಗೆ ತಾನಾಗಿ ಇಳಿದು ಬಂದು ಅವಳ ತೊಡೆಗೊತ್ತಿ ಕೂತಿತು. ಅದರ ಕಣ್ಣಿಗೆ ಅಂಗೈ ಮರೆ ಮಾಡಿ ಹುಡುಗಿ ಹೇಳಿದಳು: ‘ಈಗ ತೆಗೀರಿ. ಒಂದೊಂದೇ. ತೋರಿಸಿ ಹಾಕಿ.’

ಅವಳು ಮಂಡಿಯೂರಿ ಕೂತು ಒಂದು ಹಿಡಿ ಹುಲ್ಲು ತೆಗೆದು, ಅಂಗೈ ಬಿಡಿಸಿ ಹಿಡಿದಳು. ಹುಡುಗಿ ನೋಡಿದಳು. ‘ಹೂಂ.’ ಚೀಲಕ್ಕೆ ಹಾಕಿದಳು. ಒದ್ದೆ ಕಾಗದ ತೆಗೆದು, ಬಿಡಿಸಿ, ಎರಡೂ ಬದಿ ತೋರಿಸಿದಳು. ‘ಹೂಂ.’ ಹಿಕ್ಕೆ ತುಂಬಿದ ಗುಡ್ಡೆಯನ್ನು ಬೆರಳಿನಿಂದ ಹರಡಿ ತೋರಿಸಿದಳು. ‘ಹೂಂ.’ ಮೊಣಕಾಲು ನೋಯತೊಡಗಿತ್ತು. ಎದುರು ಮನೆಯ ಬಾಲ್ಕನಿಯಲ್ಲಿ ಯಾರೋ ಬಟ್ಟೆ ಹರವುತ್ತ ಇವರನ್ನೇ ನೋಡುತ್ತಿದ್ದರು: ದೊಡ್ಡವಳೊಬ್ಬಳು ಕಸವನ್ನು ಹಿಡಿಹಿಡಿಯಾಗಿ ಎತ್ತಿ ಮಗುವಿಗೆ ಒಪ್ಪಿಸುವುದನ್ನು. ಅವಳು ತಿರುಗಿ ನೋಡಲಿಲ್ಲ. ಪೆಟ್ಟಿಗೆಯ ಹಿಂದಿನ ಮೂಲೆಗೆ ಕೈ ಚಾಚಿ, ಅಲ್ಲಿದ್ದ ಹುಲ್ಲನ್ನು ಮೆಲ್ಲಗೆ ಬಾಚಿ ತಂದು, ಅಂಗೈ ಬಿಡಿಸಿದಳು. ಒಣಗಿದ್ದು, ಹಗುರ, ಒಂದೆರಡು ಕೂದಲು. ಏನೂ ಇರಲಿಲ್ಲ ಎಂದು ಅವಳ ಕೈಗೆ ಗೊತ್ತಿತ್ತು.

ಹುಡುಗಿ ಬಾಗಿ ನೋಡಿದಳು. ಹೂಂ ಎನ್ನಲಿಲ್ಲ. ಅವಳು ಕೈ ಮಡಿಸದೆ, ಹಾಗೇ ಹಿಡಿದುಕೊಂಡು ಕೂತಳು.